ಡಾಕ್ಟರ್ ಸಾಹೇಬರ ಜರ್ಮನ್ ಪುರಾಣ

ನಾನು ಜರ್ಮನಿ ನೋಡಿದವನಲ್ಲ. ಮಸ್ಕಿಯ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಕೂತವನಿಗೆ ರಾಯಚೂರು ನೋಡಿದ್ದೇ ದೊಡ್ಡ ಮಾತು. ಆದರೂ ಆ ದೇಶದ ಒಂದು ಸಣ್ಣ ಊರಿನ ಡಾಕ್ಟರನ ಮನೆ ನನಗೆ ನಮ್ಮ ಮನೆಯಷ್ಟೇ ಪರಿಚಯ. ಮುಂದಿನ ಕೋಣೆಯಲ್ಲಿ ರೋಗಿಗಳು, ನಡುವೆ ಒಂದು ಪರದೆ, ಪರದೆಯ ಹಿಂದೆ ಮೇಜು, ಮೇಜಿನ ಮೇಲೆ ಸೂಕ್ಷ್ಮದರ್ಶಕ, ಮೂಲೆಯ ಪಂಜರದಲ್ಲಿ ಇಲಿಗಳು. ಇದನ್ನೆಲ್ಲ ಕೈಹಿಡಿದು ತೋರಿಸಿದ ಹಾಗೆ ನನಗೆ ಹೇಳಿದವರು ಲಿಂಗಸುಗೂರಿನ ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು. ಮಜಾ ಅಂದರೆ ಅವರೂ ಜರ್ಮನಿ ನೋಡಿರಲಿಲ್ಲ.

ಹೋದ ವಾರ ಗಿರಾಕಿಯೊಬ್ಬ ಧೋತರ ಆರಿಸುತ್ತಾ, "ನಿಮ್ಮ ಹಳೇ ಡಾಕ್ಟರ್ ಸಾಹೇಬ್ರು ತೀರಿಕೊಂಡ್ರಂತ್ರೀ, ಮಗನ ಮನ್ಯಾಗ. ಭಾಳ ವಯಸ್ಸಾಗಿತ್ತು" ಅಂದ. ದುಃಖವಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅವರನ್ನು ನೆನೆದು ಮುಖ ಸಪ್ಪಗೆ ಮಾಡಿಕೊಂಡು ಕೂರುವುದು ನನ್ನ ಕೈಲಾಗದ ಕೆಲಸ. ಅವರ ನೆನಪಾದರೆ ಮೊದಲು ಬರುವುದು ನಗು. ಅದಕ್ಕೆ ನಾನೇನು ಮಾಡಲಿ?

ಅದು ನಿಜಾಮರ ಆಳ್ವಿಕೆ, ಜಗತ್ತಿನ ಎರಡನೇ ದೊಡ್ಡ ಲಡಾಯಿ ನಡೆದಿದ್ದ ಕಾಲ. ಸಾಹೇಬರದು ಎತ್ತರದ ಆಳು, ಮೈಮೇಲೆ ಸರ್ಕಾರಿ ನೌಕರರ ಶೇರವಾನಿ, ತಲೆಗೆ ರೂಮಿ ಟೋಪಿ. ಸಂತೆಯ ದಿನ ಲಿಂಗಸುಗೂರಿನಿಂದ ಮಸ್ಕಿಯ ತನಕ ಸೈಕಲ್ ತುಳಿದುಕೊಂಡು ಬರುವರು. ಶೇರವಾನಿಯ ಅಂಚು ಚಕ್ರಕ್ಕೆ ಸಿಕ್ಕದಂತೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಹಾಗೆ ಬಂದವರು ನನ್ನ ಅಂಗಡಿಯ ಕಟ್ಟೆಗೆ ಸೈಕಲ್ ಒರಗಿಸಿ, ಅಂಚು ಬಿಡಿಸಿಕೊಂಡು, ಟೋಪಿ ಸರಿಮಾಡಿಕೊಂಡು, ಆಮೇಲೆ ದೊಡ್ಡ ಸಾಹೇಬರಾಗುವರು. ಎಲ್ಲರೂ ಎದುರಾದವರನ್ನು "ಆರಾಮೇನ್ರೀ" ಎಂದು ಕೇಳಿದರೆ ಇವರು ಕೇಳುತ್ತಿದ್ದುದು "ನೀರು ಎಲ್ಲೀದ್ರೀ?" ಅಂತ. ಬಾವಿಯದು ಅಂದರೆ ತಲೆಯಾಡಿಸುವರು. ಹಳ್ಳದ್ದು ಅಂದರೆ ಮುಗಿಯಿತು, ಅಲ್ಲೇ ನಿಲ್ಲಿಸಿಕೊಂಡು ಕುದಿಸುವ ಉಪದೇಶ. ನನ್ನ ಎಷ್ಟೋ ಗಿರಾಕಿಗಳು ಅವರ ಸೈಕಲ್ ಕಂಡರೆ ಆಚೆ ಓಣಿಯಿಂದ ಹೋಗಿಬಿಡುತ್ತಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಜರ್ಮನ್ ಡಾಕ್ಟರನ ಹುಚ್ಚು ಅವರಿಗೆ ಹೈದರಾಬಾದಿನಲ್ಲಿ ಓದುವಾಗಲೇ ಹಿಡಿದದ್ದಂತೆ. "ಆಂವ ಎಲ್ಲಿದ್ದ ಗೊತ್ತೈತೇನು? ಬರ್ಲಿನ್‌ದಾಗ ಅಲ್ಲ. ನಮ್ಮ ಲಿಂಗಸುಗೂರಿನಂಥ ಊರಾಗ. ಮುಂಜಾನಿಂದ ಸಂಜಿತನ ಕೆಮ್ಮು, ನೆಗಡಿ, ಹೆರಿಗಿ. ಅದರ ನಡುವ ಸಿಕ್ಕ ಹೊತ್ತಿನಾಗ ಜಗತ್ತಿನ ಯಾರೂ ನೋಡದ್ದನ್ನ ನೋಡಿದ" ಅನ್ನುವರು. ಆ "ನಮ್ಮ ಲಿಂಗಸುಗೂರಿನಂಥ ಊರು" ಅನ್ನುವಾಗ ಅವರ ಎದೆ ಒಂದು ಗೇಣು ಉಬ್ಬುತ್ತಿತ್ತು.

ಅವರ ಹತ್ತಿರವೂ ಒಂದು ಸೂಕ್ಷ್ಮದರ್ಶಕವಿತ್ತು. ಹೈದರಾಬಾದಿನ ಯಾರೋ ಡಾಕ್ಟರು ಮಾರಿದ ಹಳೆಯದು. ನಾವೆಲ್ಲ ಅದನ್ನು ದುರ್ಬೀನು ಅನ್ನುತ್ತಿದ್ದೆವು. ಒಮ್ಮೆ ಲಿಂಗಸುಗೂರಿಗೆ ಹೋದಾಗ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಸಾಹೇಬರು ಶುರು ಮಾಡಿದರು. "ನೋಡು, ಜರ್ಮನ್ ಡಾಕ್ಟರನ ಹೇಣ್ತಿ, ಆ ಮಹಾತಾಯಿ, ಗಂಡನ ಹುಟ್ಟಿದ ದಿನಕ್ಕ ದುರ್ಬೀನ್ ಕೊಡಿಸಿದ್ಲು. ನಮ್ಮಾಕಿ ನನಗ ಏನ್ ಕೊಟ್ಟಾಳ? ಮಾವಿನ ಉಪ್ಪಿನಕಾಯಿ!"

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಮುಂದಿಂದೂ ಹೇಳ್ರಿ ಅವರಿಗೆ. ಹೆಸರು ಬಂದಮ್ಯಾಲೆ ಆ ಮಹಾತಾಯೀನ್ನ ಬಿಟ್ಟು ನಾಟಕದ ಹುಡುಗೀನ್ನ ಕಟ್ಟಿಕೊಂಡ್ನಲ್ಲ ನಿಮ್ಮ ಡಾಕ್ಟರ್, ಅದನ್ಯಾಕ ನುಂಗ್ತೀರಿ? ದುರ್ಬೀನ್ ಕೊಟ್ಟಾಕಿ ಬೀದಿಗೆ ಬಿದ್ಲು. ಉಪ್ಪಿನಕಾಯಿ ಕೊಟ್ಟಾಕಿ ನಾ ಆರಾಮ ಅದೀನಿ."

ಸಾಹೇಬರು ತುತ್ತು ನೆತ್ತಿಗೇರಿ ಕೆಮ್ಮಿದರು. ಆಮೇಲೆ ನನ್ನ ಕಡೆ ಬಾಗಿ, "ಖರೇನ ಐತಿ, ಏನ್ ಮಾಡ್ತಿ" ಅಂದು ಇನ್ನೊಂದು ಹೋಳು ಉಪ್ಪಿನಕಾಯಿ ಹಾಕಿಸಿಕೊಂಡರು.

ಆಲೂಗಡ್ಡೆಯ ಪ್ರಕರಣವನ್ನು ಹೇಳದಿದ್ದರೆ ಲಿಂಗಸುಗೂರಿನವರು ನನ್ನನ್ನು ಬಿಡುವುದಿಲ್ಲ. ಜರ್ಮನ್ ಡಾಕ್ಟರ್ ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ ಬಣ್ಣದ ಚುಕ್ಕೆಗಳು ಎದ್ದದ್ದನ್ನು ನೋಡಿ, ಒಂದೊಂದು ಚುಕ್ಕೆಯೂ ಒಂದೊಂದು ಜಾತಿಯ ಹುಳುವಿನ ಸಂಸಾರ ಎಂದು ಕಂಡುಹಿಡಿದನಂತೆ. ನಮ್ಮ ಸಾಹೇಬರು ಬಿಟ್ಟಾರೆಯೇ? ನಮ್ಮ ಸೀಮೆಯಲ್ಲಿ ಆಲೂಗಡ್ಡೆ ಆಗ ಅಪರೂಪದ ತರಕಾರಿ. ಅದನ್ನು ಬೇಯಿಸಿ, ಕೊಯ್ದು, ಗಾಜಿನ ಬಟ್ಟಲು ಮುಚ್ಚಿ ಕಿಟಕಿಯಲ್ಲಿಟ್ಟರು. ನಾಲ್ಕು ದಿನಕ್ಕೆ ಅರಿಸಿನದಂಥ ಚುಕ್ಕೆ ಒಂದು, ಕುಂಕುಮದಂಥ ಚುಕ್ಕೆ ಇನ್ನೊಂದು. ಕೊಯ್ದ ಗಡ್ಡೆ, ಅದರ ಮೇಲೆ ಅರಿಸಿನ ಕುಂಕುಮ! ನೋಡಿದವರು ಬೇರೆ ಏನೆಂದುಕೊಳ್ಳಬೇಕು? ಡಾಕ್ಟರು ಬಾನಾಮತಿ ಮಾಟ ಮಾಡುತ್ತಾರೆಂದು ಊರೆಲ್ಲ ಗುಲ್ಲಾಯಿತು. ಕೆಲವರು ದವಾಖಾನೆಗೆ ಬರುವುದನ್ನು ಬಿಟ್ಟರು. ಒಬ್ಬ ಮಾತ್ರ ಕತ್ತಲಾದ ಮೇಲೆ ಬಂದು, ಹೊಲದ ತಕರಾರಿನಲ್ಲಿ ತನ್ನ ಅಣ್ಣನ ಮೇಲೆ ಒಂದು ಸಣ್ಣ ಬಾನಾಮತಿ ಮಾಡಿಕೊಡಲು ಕೇಳಿದನಂತೆ. ಸಾಹೇಬರು ಗಂಭೀರವಾಗಿ ಅವನ ಕೈಗೆ ಒಂದು ಸಾಬೂನು ಕೊಟ್ಟು, "ದಿನಾ ಊಟಕ್ಕ ಮೊದಲ ಇದರಿಂದ ಕೈ ತೊಳಿ. ಒಂದು ದಿನ ತಪ್ಪಿದ್ರೂ ಮಂತ್ರ ತಿರುಗಿ ನಿನಗ ಬಡಿತೈತಿ" ಅಂದರು. ಆ ಮನೆಯಲ್ಲಿ ಆ ವರ್ಷ ಯಾರಿಗೂ ಹೊಟ್ಟೆ ಕೆಡಲಿಲ್ಲ. ಅಣ್ಣನಿಗೂ ಏನೂ ಆಗಲಿಲ್ಲ ಅನ್ನುವುದೊಂದೇ ಅವನ ತಕರಾರು.

ಆಗ ನಾಲ್ಕು ಜನರನ್ನು ಸೇರಿಸಿ ಮಾತಾಡಬೇಕೆಂದರೆ ಸರ್ಕಾರದ ಇಜಾಜತ್, ಅಂದರೆ ಪರವಾನಗಿ, ಬೇಕಿತ್ತು. ಸಾಹೇಬರು ಮಸ್ಕಿ ಸಂತೆಯಲ್ಲಿ ನಿಂತು ಜರ್ಮನ್ ಡಾಕ್ಟರನ ಗುಣಗಾನ ಮಾಡುತ್ತಿದ್ದಾಗ ಪೊಲೀಸ್ ಅಮೀನರು ಬಂದರು. ಜರ್ಮನರ ಮೇಲೆ ಲಡಾಯಿ ನಡೆದಿರುವಾಗ ಇದೇನು ಅಂತ.

"ಅವರು ಈ ಲಡಾಯಿಗೆ ಭಾಳ ಮೊದಲ ತೀರಿಕೊಂಡಾರ್ರೀ. ಅವರು ಲಡಾಯಿ ಮಾಡಿದ್ದು ಹುಳದ ಜೋಡಿ" ಎಂದರು ಸಾಹೇಬರು.

"ಭಾಷಣಕ್ಕ ಇಜಾಜತ್ ಎಲ್ಲೈತಿ?"

"ಭಾಷಣ ಅಲ್ರೀ ಅಮೀನ್ ಸಾಹೇಬ್. ಪುರಾಣ."

ಪುರಾಣಕ್ಕೆ ಯಾರ ಹುಕುಮೂ ಬೇಡ. ಆವತ್ತಿನಿಂದ ಅವರು "ಜರ್ಮನ್ ದೇಶವೆಂಬ ದೇಶದೊಳಗ" ಎಂದು ರಾಗ ಎಳೆದು ಶುರು ಮಾಡಿ, ಕೊನೆಗೆ ಮಂಗಳ ಹಾಡಿ ಮುಗಿಸತೊಡಗಿದರು. ಜನ ಇಮ್ಮಡಿಯಾದರು. ಒಬ್ಬಾಕೆ ತೆಂಗಿನಕಾಯಿ ಇಟ್ಟು ನಮಸ್ಕಾರ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಈ ಪುರಾಣ ನಮ್ಮ ಮನೆಯಲ್ಲಿಯೂ ಒಮ್ಮೆ ಆಯಿತು, ನನ್ನ ತಂಗಿಯ ಮದುವೆಯಲ್ಲಿ. ಬೀಗರು ಸಿಂಧನೂರಿನವರು. ಬೇಸಿಗೆಯ ಮದುವೆ. ಇನ್ನು ವಾರವಿದೆ ಅನ್ನುವಾಗ ಹಳ್ಳದ ಮೇಲ್ಗಡೆಯ ಒಂದು ಊರಿನಲ್ಲಿ ಕಾಲರಾ ಬಿತ್ತು. ಸಾಹೇಬರು ಸೈಕಲ್ ಒರಗಿಸಿದವರೇ, "ಮದುವಿ ಮುಂದ ಹಾಕು" ಅಂದರು. ಅದಾಗಲೇ ಒಮ್ಮೆ ಮುಂದಕ್ಕೆ ಹೋದ ಮದುವೆ. ಇನ್ನೊಮ್ಮೆ ಅಂದರೆ ಸಂಬಂಧವೇ ಬೇಡ ಎಂದು ಬೀಗರು ಹೇಳಿ ಕಳಿಸಿದ್ದರು. ನಾನು ಕೈಮುಗಿದೆ. ಅವರು ಬಹಳ ಹೊತ್ತು ಮೀಸೆ ಕಡಿಯುತ್ತಾ ಕೂತು, "ಆಗಲಿ. ಆದರ ಕುಡಿಯೋ ನೀರು ಹನಿ ಬಿಡದ ಕುದೀಬೇಕು. ಅದಕ್ಕ ಒಬ್ಬರ ಯಜಮಾನಕಿ ಇರಬೇಕು" ಅಂದರು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮ ಸೋದರತ್ತೆಯನ್ನು ತೋರಿಸಿ, "ಈ ಅಕ್ಕಾರ" ಅಂದರು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ಹೋಗಿದ್ದ, ಮಕ್ಕಳಿಲ್ಲ. ನಮ್ಮವ್ವ ಸತ್ತ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು ಅವಳೇ. ಆದರೆ ಮದುವೆಯಲ್ಲಿ ಅರಿಸಿನ ಮುಟ್ಟುವಂತಿಲ್ಲ, ಅಕ್ಷತೆ ಮುಟ್ಟುವಂತಿಲ್ಲ, ಹಂದರದ ಕೆಳಗೆ ಬರುವಂತಿಲ್ಲ. ಸಾಕಿದ ಮಗಳ ಮದುವೆಯಲ್ಲಿ ಅವಳಿಗೊಂದು ಕೆಲಸವೂ ಇರಲಿಲ್ಲ. ಸಾಹೇಬರು ನೀರಿನ ಕೆಲಸ ಕೊಟ್ಟ ಕ್ಷಣ ಅವಳ ಮುಖ ಬದಲಾಯಿತು. ಬಾವಿ ನೀರು ಸೇದಿಸಿ, ತಾಮ್ರದ ಹಂಡೆಯಲ್ಲಿ ಕುದಿಸಿ, ಹಿತ್ತಲ ಬೇವಿನ ನೆರಳಿಗೆ ಮಣ್ಣಿನ ಗುಡಾಣಗಳಲ್ಲಿ ತುಂಬಿ, ಬಟ್ಟೆ ಕಟ್ಟಿ, ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತಳು. ನಾನು ಹತ್ತಿರ ಹೋದರೂ ಕೈಮೇಲೆ ಹೊಡೆಯುವಳು.

ತಾಳಿ ಕಟ್ಟಿದ್ದಾಯಿತು. ಬೀಗರ ಪಂಕ್ತಿ ಕೂತಿತು. ಎಲೆಗಳಿಗೆ ಹೋಳಿಗೆ ಬಿತ್ತು. ನೀರು ಬಡಿಸಬೇಕು ಅನ್ನುವಷ್ಟರಲ್ಲಿ ಸಾಹೇಬರು ಒಮ್ಮೆ ನೋಡಿ ಬರೋಣ ಎಂದು ಹಿತ್ತಲಿಗೆ ಬಂದರು. ಒಂದು ಗುಡಾಣದ ಬಾಯಿಗೆ ಹಸಿರು ಪಾಚಿಯ ಎಳೆ ಅಂಟಿತ್ತು.

"ಅಕ್ಕಾರ, ಇದೇನ್ರೀ?"

"ಹಳ್ಳದ ನೀರು. ಒಂದೊಂದಕ್ಕ ಒಂದೊಂದು ತಂಬಿಗಿ ಹಾಕೀನಿ" ಅಂದಳು ಅತ್ತೆ, ಹೆಮ್ಮೆಯಿಂದ. "ಕುದಿಸಿದ್ದು ಸತ್ತ ನೀರಲ್ರೀ? ಮದುವಿ ಮನ್ಯಾಗ ಸತ್ತ ನೀರು ಕುಡಿಸ್ತಾರೇನು? ನೀವು ಹೇಳಿದಂಗ ಕುದಿಸೀನಿ, ಆಮ್ಯಾಲೆ ಜೀವ ಹಾಕೀನಿ."

ಸಾಹೇಬರ ಮುಖ ಸುಣ್ಣವಾಯಿತು. "ಚೆಲ್ಲಿಬಿಡೋಣು" ಅಂದೆ. ಅತ್ತೆ ಗುಡಾಣಗಳ ಮುಂದೆ ಕೈ ಅಡ್ಡ ಮಾಡಿ, "ನನಗ ಕೊಟ್ಟಿದ್ದು ಇದೊಂದು ಕೆಲಸ. ಇದಕ್ಕೂ ಹೆಸರಿಡಬ್ಯಾಡ್ರಿ" ಅಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಸಾಹೇಬರು ನನ್ನನ್ನು ಪಕ್ಕಕ್ಕೆ ಎಳೆದರು. "ನಾ ಬಾಯಿ ಬಿಟ್ಟು ಚೆಲ್ಲಿಸಿದ್ರ ಬೀಗರು ಎಲಿ ಬಿಟ್ಟು ಏಳ್ತಾರ. ಎದ್ದಿಲ್ಲಂದ್ರೂ, ವಿಧವಿ ಕೈ ಹಚ್ಚಿ ಮದುವಿ ಕೆಡಿಸಿದ್ಲು ಅಂತ ಈ ಊರು ಆಕೀಗೆ ಸಾಯೋತನ ಅಂತೈತಿ. ಆಕೀನ ತಿಳದು ತನ್ನ ಕೈಯಾರೆ ಚೆಲ್ಲಬೇಕು. ನೀ ಒಂದು ಹನಿ ಬಡಿಸಗೊಡಬ್ಯಾಡ" ಎಂದವರೇ ಟೋಪಿ ಸರಿಮಾಡಿಕೊಂಡು ಪಂಕ್ತಿಯ ನಡುವೆ ಹೋಗಿ ನಿಂತರು. ಅಲ್ಲಿಂದ ಹಿತ್ತಲ ಬಾಗಿಲು ನೇರ ಕಾಣುತ್ತಿತ್ತು.

"ಊಟಕ್ಕ ಮೊದಲ ಒಂದು ಪುರಾಣ ಐತಿ!"

"ಈಗೇನ್ರೀ ಪುರಾಣ? ಹೋಳಿಗಿ ಆರಾಕತ್ತಾವ" ಅಂದರು ಬೀಗರು.

"ಆರಿದ ಹೋಳಿಗಿ ಹೊಟ್ಟಿಗೆ ಛಲೋ. ನಾ ಡಾಕ್ಟರ್ ಹೇಳಾಕತ್ತೀನಿ" ಎಂದು ರಾಗ ತೆಗೆದೇಬಿಟ್ಟರು. ಜರ್ಮನ್ ದೇಶವೆಂಬ ದೇಶದೊಳಗ ಒಬ್ಬ ಡಾಕ್ಟರ್ ಇದ್ದ. ಹಡಗು ಹತ್ತಿ ನಮ್ಮ ಕಲಕತ್ತಾಕ್ಕ ಬಂದ. ಅಲ್ಲೊಂದು ಕೆರಿ. ಅದರಾಗ ಜಳಕ, ಅದರಾಗ ಅರಬಿ ಒಗಿಯೋದು, ಕುಡಿಯಾಕೂ ಅದ ನೀರು. ಸುತ್ತಲ ಗುಡಿಸಲದಾಗ ಕಾಲರಾ. "ಆ ನೀರಿನ ಹನಿ ದುರ್ಬೀನಿನ ಕೆಳಗಿಟ್ಟು ನೋಡ್ತಾನ, ಏನ್ ಕಾಣಬೇಕು? ಕುಡಗೋಲಿನಂಗ ಬಾಗಿದ ಹುಳ! ಕಣ್ಣಿಗೆ ಕಾಣದಷ್ಟು ಸಣ್ಣವು. ಸತ್ತಾವೇನು? ಇಲ್ಲ! ಎಲ್ಲಾ ಜೀವಂತ! ಈಜಾಕತ್ತಾವ, ಕುಣಿಯಾಕತ್ತಾವ! ಆ ಕೆರಿ ಮಂದಿ ಜೀವ ಐತಂತ ಕುಡಿದ್ರಲ್ಲ, ಆ ಜೀವ ಇದ!"

"ಜೀವಂತ" ಅನ್ನುವಾಗ ಅವರ ದನಿ ಹಂದರ ದಾಟಿ ಹಿತ್ತಲಿಗೆ ಬಂತು. ಅತ್ತೆಯ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಅವಳು ಗುಡಾಣವನ್ನು ನೋಡಿದಳು, ಪಾಚಿಯ ಎಳೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ತಮ್ಮಾ, ಕೈ ಹಚ್ಚು ಬಾ" ಅಂದಳು. "ನೀರಿಗೆ ಜೀವ ಬರಲಿ ಅಂತ ಹಾಕಿದ್ನೋ. ಹುಳದ ಜೀವ ಹಾಕಿದ್ನಲ್ಲೋ!"

ಇಬ್ಬರೂ ಸೇರಿ ಗುಡಾಣಗಳನ್ನು ತಿಪ್ಪೆಗೆ ಬೋರಲು ಹಾಕಿದೆವು. ಬಾವಿ ನೀರು ತುಂಬಿ ಹಂಡೆ ಮತ್ತೆ ಒಲೆ ಏರಿತು. ನಾನು ಬಾಗಿಲಿಂದ ಸನ್ನೆ ಮಾಡಿದೆ. ಸಾಹೇಬರು ಹಂಡೆ ನೋಡಿ ಉಸಿರುಬಿಟ್ಟರು. ಆದರೆ ಹಂಡೆ ಕುದಿಯಬೇಕಲ್ಲ! ಪುರಾಣ ಎಳೆಯಬೇಕಾಯಿತು. ಆಲೂಗಡ್ಡೆ ಬಂತು, ಇಲಿಗಳು ಬಂದವು, ಹೆಂಡತಿ ಕೊಟ್ಟ ದುರ್ಬೀನು ಬಂತು. ಕುರಿ ಸಾಯುವ ರೋಗದ ಹುಳುವನ್ನು ಮೊದಲು ಹಿಡಿದವನೂ ಅವನೇ ಅಂದಾಗ ಕುರಿ ಸಾಕಿದವರೊಬ್ಬರು ಎಲೆ ಬಿಟ್ಟು ಮುಂದೆ ಬಂದು ಕೂತು ಪ್ರಶ್ನೆ ಕೇಳತೊಡಗಿದರು. ಕ್ಷಯದ ಹುಳು ಬಂತು. ಅದಕ್ಕೆ ಮದ್ದು ಸಿಕ್ಕಿತೆಂದು ಅವಸರದಲ್ಲಿ ಸಾರಿ ಡಾಕ್ಟರ್ ಮುಖಭಂಗ ಅನುಭವಿಸಿದ್ದೂ ಬಂತು. ಬೀಗರು ಹಸಿದಿದ್ದರು, ಆದರೆ ಕೇಳದೆ ಇರಲಾರರು. ಕೊನೆಗೆ ಕಥೆ ಮುಗಿದುಹೋಗಿ ಸಾಹೇಬರು ಡಾಕ್ಟರನ ವೈರಿಯೊಬ್ಬನನ್ನು ಎಳೆದು ತಂದರು. ಆ ಮುದುಕನಿಗೆ ಹುಳುವಿನ ಮಾತೇ ಸುಳ್ಳು ಅಂತ ಹಟ. ಕಾಲರಾ ಹುಳುಗಳನ್ನು ನೀರಿನಲ್ಲಿ ಕಲಸಿ ಎಲ್ಲರೆದುರು ಗಟಗಟ ಕುಡಿದುಬಿಟ್ಟ.

"ಬದುಕಿದ್ನೇನ್ರೀ ಆಂವ?" ಹಿತ್ತಲ ಬಾಗಿಲಿನಿಂದ ಅತ್ತೆ ಕೇಳಿದಳು.

ಸಾಹೇಬರು ಅವಳ ಕಡೆ ತಿರುಗಿ ಮುಖ ನೋಡಿದರು. "ಬದುಕಿದ್ರೀ ಅಕ್ಕಾರ. ಸ್ವಲ್ಪ ಹೊಟ್ಟಿ ಕೆಟ್ಟಿತ್ತು, ಅಷ್ಟ. ಬದುಕಿದ" ಅಂದು ಮಂಗಳ ಹಾಡಿ ಮುಗಿಸಿಬಿಟ್ಟರು.

ಪರಾತಗಳಲ್ಲಿ ಹರಡಿ ಆರಿಸಿದರೂ ನೀರು ಬಿಸಿಯೇ ಇತ್ತು. "ಈ ಬ್ಯಾಸಗ್ಯಾಗ ಬಿಸಿನೀರೇನ್ರೀ?" ಅಂದರು ಬೀಗರು. "ಜರ್ಮನ್ ಪದ್ಧತಿ" ಅಂದರು ಸಾಹೇಬರು. ಪದ್ಧತಿ ಗೊತ್ತಿಲ್ಲ ಅನ್ನಿಸಿಕೊಳ್ಳಲು ಯಾರಿಗೆ ಮನಸ್ಸು? ಬೆವರು ಸುರಿಸುತ್ತಾ ಎಲ್ಲರೂ ಕುಡಿದರು, ಕೆಲವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಮಸ್ಕಿಯವರು ಮದುವೆಯಲ್ಲಿ ಜರ್ಮನ್ ನೀರು ಕೊಟ್ಟರೆಂದು ಸಿಂಧನೂರಿನಲ್ಲಿ ಬಹಳ ವರ್ಷ ಹೇಳಿಕೊಂಡು ತಿರುಗಿದರಂತೆ.

ಬೀಗರು ಮದುಮಗಳನ್ನು ಕರೆದುಕೊಂಡು ಹೋದ ಮೇಲೆ ಸಾಹೇಬರು ಲಿಂಗಸುಗೂರಿಗೆ ಹೊರಡಲಿಲ್ಲ. ನೇರ ಅತ್ತೆಯ ಹತ್ತಿರ ಹೋಗಿ, "ಆ ಗುಡಾಣದ ನೀರು ನೀವು ಕುಡಿದೀರಿ ಹೌದಲ್ರೀ?" ಅಂದರು.

"ಮಂದೀಗೆ ಕೊಡೋ ನೀರು. ನಾ ಮೊದಲ ಕುಡೀಲಿಲ್ಲಂದ್ರ ಹ್ಯಾಂಗ್ರೀ?"

ಎರಡನೆಯ ದಿನ ವಾಂತಿಭೇದಿ ಶುರುವಾಯಿತು. ಸಾಹೇಬರು ನಮ್ಮ ಪಡಸಾಲೆಯಲ್ಲೇ ದವಾಖಾನೆ ಹೂಡಿದರು. ಕೈಗೆ ಸೂಜಿ ಚುಚ್ಚಿ ಉಪ್ಪುನೀರು ಏರಿಸಿದರು, ಚಮಚದಿಂದ ಕುಡಿಸಿದರು, ವಾಂತಿಯಾದರೆ ಬೈಯದೆ ಮತ್ತೆ ಕುಡಿಸಿದರು. ಅತ್ತೆಯ ಕಣ್ಣು ಗುಳಿಬಿದ್ದವು, ಬೆರಳು ತಣ್ಣಗಾದವು. ಅವ್ವ ಎರಡನೇ ಸಲ ಸಾಯುತ್ತಿದ್ದಾಳೆ ಅನ್ನಿಸಿ ನಾನು ಅವಳ ಕಾಲ ಹತ್ತಿರ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಇದರ ನಡುವೆ ಸಾಹೇಬರು ಬಸ್ಸಿನವನ ಕೈಯಲ್ಲಿ ಹೇಳಿ ಲಿಂಗಸುಗೂರಿನಿಂದ ದುರ್ಬೀನು ತರಿಸಿದ್ದರು. ಅದನ್ನು ಕೊಂಡ ಮೇಲೆ ಕಾಲರಾ ಬಂದದ್ದು ಇದೇ ಮೊದಲು. ಅಲ್ಲಿಯ ತನಕ ಆ ಹುಳುವನ್ನು ಅವರು ಚಿತ್ರದಲ್ಲಷ್ಟೇ ನೋಡಿದ್ದರು. ಅತ್ತೆಯ ಹೊಟ್ಟೆ ಕೆಟ್ಟದ್ದರಲ್ಲೇ ಒಂದಿಷ್ಟು ಗಾಜಿನ ಚೂರಿಗೆ ಸವರಿ, ಬಣ್ಣ ಹಾಕಿ, ಕಣ್ಣಿಟ್ಟು ನೋಡಿದವರು, "ಸಿಕ್ತೋ! ಕುಡಗೋಲು! ಖರೇ ಕುಡಗೋಲಿನಂಗ ಅದಾವೋ!" ಎಂದು ಮಕ್ಕಳ ಹಾಗೆ ಕುಣಿದರು. ಮರುಕ್ಷಣ ಹಾಸಿಗೆಯ ಕಡೆ ನೋಡಿ, ನಾಚಿಕೊಂಡು, ಚಮಚ ಹಿಡಿದು ಕೂತರು.

ಅತ್ತೆ ಗಟ್ಟಿ ಜೀವ. ಬದುಕಿದಳು. ಎದ್ದು ಗೋಡೆಗೆ ಒರಗಿ ಕೂರುವಷ್ಟಾದ ದಿನ ಅವಳು ಕೇಳಿದ್ದು ಗಂಜಿಯನ್ನಲ್ಲ. "ಆ ಹುಳ ನನಗೂ ತೋರಸ್ರಿ" ಅಂದಳು. ಸಾಹೇಬರಿಗೆ ಅದಕ್ಕಿಂತ ಸಂತೋಷವಿಲ್ಲ. ದುರ್ಬೀನು ಬಿಸಿಲಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚುವುದು ಹೇಗೆಂದು ಹೇಳಿಕೊಟ್ಟರು. ಅತ್ತೆ ಬಹಳ ಹೊತ್ತು ನೋಡಿದಳು.

"ಇವೆಲ್ಲಾ ನನ್ನ ಹೊಟ್ಟ್ಯಾಗ ಇದ್ದವೇನ್ರೀ?"

"ಹೂಂರೀ. ಅಲ್ಲೇ ಹುಟ್ಟಿ, ಅಲ್ಲೇ ಬೆಳದಾವ."

ಅತ್ತೆ ಕಣ್ಣು ತೆಗೆಯದೆ ನಗತೊಡಗಿದಳು. "ಬಂಜಿ ಅಂತ ಅಕ್ಷತಿ ಮುಟ್ಟಗೊಡಲಿಲ್ಲಲ್ಲ ನಮ್ಮ ಮಂದಿ. ಕರೀರಿ ಅವರನ್ನ. ನನ್ನ ಹೊಟ್ಟ್ಯಾಗ ಎಷ್ಟು ಹುಟ್ಯಾವ ಬಂದು ನೋಡಲಿ!"

ನಗುತ್ತಲೇ ಇದ್ದಳು. ಆ ನಗು ಕೇಳಲಾಗದೆ ನಾನು ತಲೆ ತಗ್ಗಿಸಿದೆ. ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅಕ್ಕಾರ, ಹೊಟ್ಟ್ಯಾಗ ಹುಟ್ಟಿದವು ನಿಮ್ಮನ್ನ ಕೊಲ್ಲಾಕ ನಿಂತಿದ್ವು" ಅಂದರು ಮೆಲ್ಲಗೆ. "ಹೊಟ್ಟ್ಯಾಗ ಹುಟ್ಟದಾಂವ ಒಬ್ಬ ಅನ್ನ ನೀರು ಬಿಟ್ಟು ನಿಮ್ಮ ಕಾಲು ಹಿಡಕೊಂಡು ಕುಂತಾನ. ಅವನ್ನೊಂದೀಟು ನೋಡ್ರಿ."

ಅತ್ತೆ ದುರ್ಬೀನಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಬಹಳ ದಿನದ ಮೇಲೆ ಕಂಡವಳ ಹಾಗೆ ನೋಡಿದಳು.

"ಉಂಡಿಲ್ಲೇನೋ?" ಅಂದಳು.